ಕಳಿಸಿ ಅಳಿಸಿದವನು

“ತಗೋರಿ, ನಿಮ್ಮ ಆ್ಯಪ್ ನಿಮಗ ಇರ್ಲಿ!” ಎಂದು ಮೊಬೈಲನ್ನು ಕಳಕೇಶನ ಅಂಗಡಿಯ ಗಾಜಿನ ಕೌಂಟರ್ ಮೇಲೆ ಕುಕ್ಕಿದೆ. ಗಾಜು ಒಡೆಯಲಿಲ್ಲ. ಒಡೆದಿದ್ದರೆ ಇನ್ನೂ ಒಳ್ಳೆಯದಿತ್ತು ಅನ್ನಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಅವನು ಯಾರದೋ ಫೋನಿನ ಹೊಟ್ಟೆ ಬಗೆದುಕೊಂಡು ಕೂತಿದ್ದ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ. ಅದನ್ನು ತೆಗೆಯದೆ ತಲೆ ಎತ್ತಿದ್ದರಿಂದ ಒಂದು ಕಣ್ಣು ಸಣ್ಣಗೆ, ಇನ್ನೊಂದು ಬೋಂಡಾದಷ್ಟು ದೊಡ್ಡದಾಗಿ ನನ್ನನ್ನು ನೋಡಿದವು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ, ಅವನ ರೆಪ್ಪೆ ಎಷ್ಟು ಉದ್ದ ಎಂದು ಕದ್ದು ನೋಡುತ್ತಿದ್ದೆ. ಅವತ್ತೂ ನೋಡಿದೆ, ಆದರೆ ಸಿಟ್ಟಿನಿಂದ ನೋಡಿದೆ.

“ಏನಾತ್ರಿ ಶಾಕಂಬರಿಯವರ?”

“ನನ್ನ ಹೆಸರ ಬ್ಯಾರೆ ತಗೀಬ್ಯಾಡ್ರಿ. ನಂಬರ್ ಬ್ಯಾನ್ ಆಗೇತಿ, ಬ್ಯಾನ್! ಗಿರಾಕಿಗಳು ಹೋದ್ರು, ಸೀರಿ ಫೋಟೋ ಹೋದ್ವು, ಆರ್ಡರ್ ಹೋದ್ವು. ಹೋಗೂಕಿಂತ ಮೊದ್ಲ ನನ್ನ ನಂಬರಿನಿಂದ ಎಲ್ಲಾರಿಗೂ ‘ಉಚಿತ ರೇಷ್ಮೆ ಸೀರೆ, ಇಲ್ಲಿ ಒತ್ತಿ’ ಅಂತ ಲಿಂಕ್ ಹೋಗೇತಿ. ನಾ ಎಂದರ ಉಚಿತ ಅಂದೀನೇನು? ಚೌಕಾಶಿ ಮಾಡಿದ್ರ ಸೀರಿ ವಾಪಸ್ ಕಸಗೊಳ್ಳಾಕಿ ನಾ!”

“ಗೊತ್ತೈತ್ರಿ. ನನಗೂ ಬಂತು ಆ ಲಿಂಕ್.”

“ಒತ್ತಿದ್ರೇನು?”

“ಇಲ್ರಿ. ನೀವು ಏನನ್ನೂ ಪುಕ್ಕಟ ಕೊಡೂದಿಲ್ಲಂತ ನನಗ ಚಲೋ ಗೊತ್ತೈತಿ.”

ಇಂಥ ಮಾತಿಗೇ ನಾನು ಹಾಳಾದದ್ದು.

ಈ ಹಾಳಾಗುವಿಕೆ ಹೇಗೆ ಶುರುವಾಯಿತು ಎಂದು ಹೇಳಿಬಿಡುತ್ತೇನೆ. ನಮ್ಮದು ಗಜೇಂದ್ರಗಡದ ನೇಕಾರ ಓಣಿ. ಮನೆಯಲ್ಲಿ ಎರಡು ಕೈಮಗ್ಗ, ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಅಪ್ಪ ದ್ಯಾಮಪ್ಪ, ಇನ್ನೊಂದರಲ್ಲಿ ನಾನು. ಅಜ್ಜಿ ಅಡಿವೆವ್ವ ಬಾಗಿಲ ಬಳಿ ಕೂತು ನಮ್ಮಿಬ್ಬರ ಲಾಳಿಗೂ ನೂಲಿನ ಕಂಡಿಕೆ ಸುತ್ತುತ್ತಾಳೆ, ಸುತ್ತುತ್ತ ಇಡೀ ಓಣಿಗೆ ಬೈಯುತ್ತಾಳೆ. ಸಿಟ್ಟು ನನಗೆ ಅವಳಿಂದ ಬಂದದ್ದು. ನಾವು ನೇಯುವುದು ಪಟ್ಟೇದಂಚು ಸೀರೆ. ಬಹಳ ಕಾಲ ನೇಯ್ದದ್ದೆಲ್ಲ ಶಶಿಕಾಂತ ಸಾವಕಾರರ ಅಂಗಡಿಗೇ ಹೋಗುತ್ತಿತ್ತು. ಮೊಬೈಲ್ ಬಂದ ಮೇಲೆ ರೋಣ, ನರೇಗಲ್, ನರಗುಂದದ ಹೆಂಗಸರಿಗೆ ನಾನೇ ಫೋಟೋ ಕಳಿಸಿ ಮಾರತೊಡಗಿದೆ. ಸಾವಕಾರರಿಗೆ ಅದು ಕಣ್ಣಿಗೆ ಬಿದ್ದ ಕಸದಂತಾಯಿತು.

ಅವರು ಆರ್ಡರನ್ನು ವಾಟ್ಸಾಪಿನಲ್ಲೇ ಹಾಕುತ್ತಿದ್ದರು. ಒಮ್ಮೆ ‘ಸಾಸಿವಿ ಮೈ, ಕುಂಕುಮ ದಡಿ’ ಅಂದರು, ಅಂದರೆ ಸಾಸಿವೆ ಬಣ್ಣದ ಒಡಲು, ಕುಂಕುಮ ಬಣ್ಣದ ಅಂಚು. ನಾವು ಉದ್ದೆಳೆಯ ಹಾಸು ಹೂಡಿ ನೇಯ್ದೆವು. ಹಾಸು ಒಮ್ಮೆ ಮಗ್ಗಕ್ಕೆ ಏರಿದ ಮೇಲೆ ಬಣ್ಣ ಬದಲಿಸಲು ಬರುವುದಿಲ್ಲ, ಅದು ಅವರಿಗೂ ಗೊತ್ತು. ಸೀರೆ ಒಯ್ದು ಕೊಟ್ಟರೆ, “ನಾ ಹಸರ ದಡಿ ಹೇಳಿದ್ನೆಲ್ಲವಾ, ಇದನ್ನ ಯಾರ ತಗೋತಾರ? ಅರ್ಧಕ್ಕ ಬಿಟ್ಟು ಹೋಗು” ಅಂದರು. ಫೋನ್ ತೆಗೆದು ನೋಡಿದೆ. ಅವರ ಆರ್ಡರ್ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿತ್ತು. ಬಾಯಿಮಾತಿನ ಕಾಲದಲ್ಲಿ ಸುಳ್ಳು ಹೇಳಲು ಧೈರ್ಯವಾದರೂ ಬೇಕಿತ್ತು. ಈಗ ಹೆಬ್ಬೆರಳು ಸಾಕು.

ಅಪ್ಪ ಬಾಯಿ ಮುಚ್ಚಿಕೊಂಡು ಬಂದ. ನಾನು ಮುಚ್ಚಿಕೊಳ್ಳುವವಳಲ್ಲ. ಪಕ್ಕದ ಮೊಬೈಲ್ ಅಂಗಡಿಯಲ್ಲಿ ಚಾರ್ಜರ್ ಪಿನ್ ಹಾಕಿಸಲು ನಿಂತು, ಸಾವಕಾರರ ಏಳು ತಲೆಮಾರನ್ನು ಝಾಡಿಸುತ್ತಿದ್ದೆ. ಅಂಗಡಿಯ ಹುಡುಗ ಎಲ್ಲ ಕೇಳಿ, ತಲೆ ಎತ್ತದೆ, “ಅಳಿಸಿದ್ದು ಕಾಣೂವಂಗ ಮಾಡಿ ಕೊಡ್ಲೇನ್ರಿ?” ಅಂದ.

ಅವನೇ ಕಳಕೇಶ. ನಾನು ಬೈಯುತ್ತಿದ್ದದ್ದು ಅವನ ಸ್ವಂತ ಸೋದರಮಾವನಿಗೆ, ಅವನು ಕೂತಿದ್ದದ್ದು ಆ ಮಾವನ ಮಳಿಗೆಯಲ್ಲೇ ಎಂದು ನನಗೆ ಆಮೇಲೆ ಗೊತ್ತಾಯಿತು.

ಅವನು ಹಾಕಿಕೊಟ್ಟದ್ದು ವಾಟ್ಸಾಪಿನಂಥದೇ ಇನ್ನೊಂದು ಆ್ಯಪ್, ಬಂಗಾರದ ಬಣ್ಣದ್ದು. ಎದುರಿನವರು ಅಳಿಸಿದ್ದು ಅದರಲ್ಲಿ ಅಳಿಯುವುದಿಲ್ಲ, ಪಕ್ಕದಲ್ಲಿ ಒಂದು ಸಣ್ಣ ಗುರುತಿನೊಂದಿಗೆ ಹಾಗೇ ಉಳಿಯುತ್ತದೆ. ನಾವು ಓದಿದರೂ ನೀಲಿ ಗೆರೆ ಬೀಳುವುದಿಲ್ಲ. ಆನ್‌ಲೈನ್ ಇದ್ದರೂ ಇಲ್ಲದವರ ಹಾಗೆ ಇರಬಹುದು.

“ಇದು ಪ್ಲೇ ಸ್ಟೋರಿನ್ಯಾಗ ಸಿಗಂಗಿಲ್ರಿ. ಕಂಪನೀದಲ್ಲ. ಯಾರು ಮಾಡ್ಯಾರೋ ಗೊತ್ತಿಲ್ಲ. ಒಂದಿನ ನಂಬರ್ ಬ್ಯಾನ್ ಆದ್ರೂ ಆಗಬಹುದು,” ಎಂದ.

ಹೇಳಿದ್ದ, ಇಲ್ಲವೆನ್ನುವುದಿಲ್ಲ. ಆದರೆ ಹೇಳುವಾಗ ನನ್ನ ಫೋನನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತಿದ್ದ, ಹಸುಗೂಸಿನ ಮುಖ ಒರೆಸುವಂತೆ. ಅಂಥ ಹೊತ್ತಿನಲ್ಲಿ ಬ್ಯಾನು ಗೀನು ಯಾರ ಕಿವಿಗೆ ಹೋಗುತ್ತದೆ?

ಮುಂದಿನ ಸಲ ಸಾವಕಾರರು ಆರ್ಡರ್ ಅಳಿಸಿದಾಗ ನಾನು ಅವರ ಅಂಗಡಿಗೇ ಹೋಗಿ, ಅವರು ಅಳಿಸಿದ್ದನ್ನು ಗಿರಾಕಿಗಳ ಎದುರು ಓದಿ ಹೇಳಿದೆ. ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅಳಿಸಿದ್ದು ನಿನಗ ಹ್ಯಾಂಗ ಸಿಕ್ಕಿತು ಎಂದು ಕೇಳಿದರು. ನಾನು ಕಳಕೇಶನ ಹೆಸರು ಹೇಳಲಿಲ್ಲ. ಅವರು ಸೀರೆ ತೆಗೆದುಕೊಂಡರು.

ಅವತ್ತು ಸಂಜೆ ಕಳಕೇಶನಿಂದ ಒಂದು ಮೆಸೇಜ್ ಬಂತು. ‘ನೀವು ಮಾವನ ಅಂಗಡಿಯಿಂದ ಇಳಿದು ಬರೂದನ್ನ ನೋಡಿದೆ. ನಿಮ್ಮ ಮುಖ ಎಷ್ಟು ಚಲೋ ಕಾಣ್ತಿತ್ತು ಅಂದ್ರ, ಗಿರಾಕಿ ಫೋನ್ ಕೈಯಾಗಿಂದ ಕೆಳಗ ಬಿತ್ತು.’ ಓದಿ ಮುಗಿಸುವಷ್ಟರಲ್ಲಿ ಅದರ ಪಕ್ಕ ಗುರುತು ಮೂಡಿತು. ಅಳಿಸಿದ್ದ!

ಎಲಾ ಇವನ! ಅಳಿಸಿದ್ದು ನನಗೆ ಹೇಗೆ ಕಾಣುತ್ತದೆಂದು ಇಡೀ ಊರಿನಲ್ಲಿ ಗೊತ್ತಿದ್ದವನು ಅವನೊಬ್ಬನೇ. ಆ ಆ್ಯಪ್ ಹಾಕಿದವನೇ ಅವನು. ಓದಲಿ ಎಂದೇ ಕಳಿಸಿದ್ದ, ಕಳಿಸಿಲ್ಲ ಎನ್ನಲು ಅಳಿಸಿದ್ದ. ಮೈಯೆಲ್ಲ ಉರಿಯಿತು. ಆ ಉರಿಯ ನಡುವೆ ಎಲ್ಲೋ ತಣ್ಣಗೂ ಆಯಿತು.

ನಾನೇನು ಕಡಿಮೆಯೇ? ‘ನಿಮಗ ಬ್ಯಾರೆ ಕೆಲಸ ಇಲ್ಲೇನು?’ ಎಂದು ಕಳಿಸಿ, ನಾನೂ ಅಳಿಸಿದೆ. ಅವನ ಫೋನಿನಲ್ಲೂ ಅದೇ ಆ್ಯಪ್ ಇತ್ತು.

ಹೀಗೆ ನಡೆಯಿತು ನಮ್ಮ ಮಾತು. ‘ಓಣಿಯೊಳಗ ಹಾದು ಹೋಗೂವಾಗ ನಿಮ್ಮ ಮಗ್ಗ ಯಾವುದಂತ ಸಪ್ಪಳದ ಮ್ಯಾಲೆ ಗೊತ್ತಾಗ್ತೈತಿ. ಸಿಟ್ಟಿನ ಮಗ್ಗ ಅದು.’ ಅಳಿಸಿದ. ‘ನಿಮ್ಮ ಬಿಳಿ ಅಂಗಿ ಗುಂಡಿ ಹರದೈತಿ. ಒಂದು ಗುಂಡಿ ಹಚ್ಚಿಕೊಳ್ಳಾಕ ಬರೂದಿಲ್ಲೇನು?’ ಅಳಿಸಿದೆ. ‘ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮನ್ನ ನೋಡಿದೆ. ತಡಾ ಆಗಿ ಬಂದ ನರೇಗಲ್ ಬಸ್ಸಿಗೆ ಬೈಯಾಕತ್ತಿದ್ರಿ. ಬಸ್ಸಿನ ಮ್ಯಾಲೆ ಹೊಟ್ಟಿಕಿಚ್ಚು ಬಂತು ನನಗ.’ ಅಳಿಸಿದ. ಅದನ್ನು ಓದಿದ ದಿನ ಲಾಳಿ ಸರಿಯಾಗಿ ಹೊಡೆಯಲಾಗದೆ ಎರಡು ಸಲ ನೂಲು ಹರಿದುಕೊಂಡೆ. “ಯಾರ ಹಾದಿ ಕಾಯಾಕತ್ತೀಯೇ ಹುಚ್ಚಖೋಡಿ?” ಎಂದು ಅಜ್ಜಿ ಬೈದಳು.

ಅಂಗಡಿಯ ಮುಂದೆ ಹಾದರೆ ಮಾತ್ರ ಅವನು ಅಪರಿಚಿತ. “ಆರಾಮದೀರೇನ್ರಿ?” ಎಂದು ಕೇಳುತ್ತಿದ್ದ. ನಾನು “ಹ್ಞೂಂ” ಅನ್ನುತ್ತಿದ್ದೆ. ಅವನ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತು, ಪಕ್ಕದ ಸೀರೆ ಅಂಗಡಿಯ ಕಡೆ ಹೊರಳಿ, ಮತ್ತೆ ಕೈಯಲ್ಲಿದ್ದ ಫೋನಿಗೆ ಇಳಿಯುತ್ತಿತ್ತು. ಆ ಹೊರಳುವಿಕೆ ನನಗೆ ಸೇರುತ್ತಿರಲಿಲ್ಲ. ಮಾವನಿಗೆ ಹೆದರುವವನು ಪ್ರೀತಿ ಯಾಕೆ ಮಾಡಬೇಕು?

ಆಮೇಲೊಂದು ದಿನ ಬೇರೆ ಥರದ ಮೆಸೇಜ್ ಬಂತು. ‘ಆ ಆ್ಯಪ್ ತಗದುಬಿಡ್ರಿ. ಅದು ಬರೋಬರಿ ಇಲ್ಲ.’ ಇದನ್ನು ಅಳಿಸಲಿಲ್ಲ. ಕಾದೆ, ಅಳಿಸಲೇ ಇಲ್ಲ. ಅವನು ನನಗೆ ಅಳಿಸದೆ ಬಿಟ್ಟ ಮೊದಲ ಮಾತು ಅದು, ಆ ಮಾತೇ ‘ಸಾಕು’ ಎಂದಂತೆ ಕೇಳಿಸಿತು ನನಗೆ. ಆ್ಯಪ್ ತೆಗೆದರೆ ನಮ್ಮ ನಡುವೆ ಉಳಿಯುವುದೇನು? ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲುಗಳು, ಒಂದರ ಕೆಳಗೊಂದು. ಆಟ ಸಾಕಾಯಿತು ಎಂದು ಹೇಳಲು ಇವನಿಗೆ ಎಷ್ಟು ಸುಲಭ! ನಾನು ಉತ್ತರ ಕೊಡಲಿಲ್ಲ, ಆ್ಯಪ್ ತೆಗೆಯಲೂ ಇಲ್ಲ.

ಅದೇ ವಾರ ನರಗುಂದದಿಂದ ಸಂಬಂಧ ಬಂತು. ಬಟ್ಟೆ ವ್ಯಾಪಾರದ ಮನೆತನ, ಹುಡುಗ ಒಬ್ಬನೇ ಮಗ. ಗುರುವಾರ ನನ್ನನ್ನು ನೋಡಲು ಬರುವುದೆಂದಾಯಿತು.

ಅಪ್ಪ ಮಗ್ಗದಿಂದ ಎದ್ದು ಬಂದು ನನ್ನ ಪಕ್ಕ ಕೂತ. “ಯವ್ವಾ, ನಿನ್ನ ಮನಸಿನ್ಯಾಗ ಯಾರರ ಇದ್ರ ಈಗ ಹೇಳು. ಅವರು ಬಂದು ಹೋದ ಮ್ಯಾಲೆ ಹೇಳಿದ್ರ ನನ್ನ ಮಾತಿಗೆ ಬೆಲಿ ಇರಂಗಿಲ್ಲ. ಇಲ್ಲಂದ್ರ ನಾ ಅವರಿಗೆ ಹೂಂ ಅಂತೀನಿ.”

ಎಷ್ಟು ಜನ ಅಪ್ಪಂದಿರು ಹೀಗೆ ಕೇಳುತ್ತಾರೆ? ಅಂಥ ಅಪ್ಪನಿಗೆ ಏನೆಂದು ಹೇಳಲಿ? ಒಬ್ಬ ಇದ್ದಾನೆ, ಆದರೆ ಅವನು ಹೇಳಿದ್ದನ್ನೆಲ್ಲ ಹೇಳಿಲ್ಲ ಎನ್ನುತ್ತಾನೆ ಅಂತಲೇ? “ಗುರುವಾರದ ತನಕ ತಡಿಯಪಾ” ಎಂದೆ. ಅಪ್ಪ ತಲೆಯಾಡಿಸಿ ಎದ್ದು ಹೋದ.

ಅವತ್ತು ಮಾನ ಮರ್ಯಾದೆ ಬದಿಗಿಟ್ಟು ಕಳಕೇಶನಿಗೆ ಬರೆದೆ. ‘ಗುರುವಾರ ನರಗುಂದದವರು ನನ್ನ ನೋಡಾಕ ಬರ್ತಾರ. ಅದಕ್ಕಿಂತ ಮೊದ್ಲ ನೀವು ಬರ್ತೀರೇನು? ನಾ ಬ್ಯಾರೆ ಯಾರಿಗೂ ಹೂಂ ಅನ್ನಾಕಿ ಅಲ್ಲ.’ ಕಳಿಸಿದೆ, ಕೂಡಲೇ ಅಳಿಸಿದೆ. ಓದೇ ಓದುತ್ತಾನೆ, ಅವನ ಆ್ಯಪಿನಲ್ಲಿ ಉಳಿದೇ ಉಳಿಯುತ್ತದೆ ಎಂಬ ಧೈರ್ಯ ನನಗೆ.

ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಬಂದದ್ದು ನರಗುಂದದ ಗಿರಾಕಿಯೊಬ್ಬಳ ಫೋನು. “ನಿನ್ನ ಲಿಂಕ್ ಒತ್ತಿದಾಗಿಂದ ನನ್ನ ಮೊಬೈಲ್ ಹುಚ್ಚು ಹಿಡದಂಗ ಮಾಡಾಕತ್ತೈತಿ. ಸೀರಿ ಮಾರ್ತೀಯೋ, ಮಂದೀನ್ನ ಮುಳಗಸ್ತೀಯೋ?” ಎಂದು ಬಾಯಿಗೆ ಬಂದಂತೆ ಬೈದಳು. ಆ್ಯಪ್ ತೆರೆದು ನೋಡುವಷ್ಟರಲ್ಲಿ ಅದು ನನ್ನನ್ನು ಹೊರಗೆ ಹಾಕಿತ್ತು. ನಿಜವಾದ ವಾಟ್ಸಾಪ್ ಹಾಕಿದರೆ, ಅದೂ ಈ ನಂಬರಿಗೆ ಅನುಮತಿ ಇಲ್ಲ ಎಂದಿತು. ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಅವನ ಕೌಂಟರಿನ ಮುಂದೆಯೇ ನಿಂತದ್ದು.

“ಸೀರಿ ಫೋಟೋ ಮತ್ತ ತಗೀಬಹುದ್ರಿ,” ಎಂದ ಕಳಕೇಶ. ಭೂತಗನ್ನಡಿ ತೆಗೆದು ಪಕ್ಕಕ್ಕಿಟ್ಟಿದ್ದ. “ಹೊಸಾ ಸಿಮ್ ಹಾಕಿ, ಖರೇ ವಾಟ್ಸಾಪ್ ಹಾಕಿ ಕೊಡ್ತೀನಿ. ಗಿರಾಕಿಗಳಿಗೆ ಒಬ್ಬೊಬ್ಬರಿಗೆ ಫೋನ್ ಮಾಡಿ ತಿಳಿಸಿ ಹೇಳೂಣು.”

“ಬ್ಯಾರೆ ಮೆಸೇಜೂ ಇದ್ವು ಅದರಾಗ. ಅವನ್ನ ಹ್ಯಾಂಗ ತರ್ತೀರಿ?”

“ಯಾವು?”

“ನೀವು ಕಳಿಸಿದ್ದು.”

ಅವನ ಕಣ್ಣು ಪಕ್ಕದ ಸೀರೆ ಅಂಗಡಿಯ ಕಡೆ ಹೊರಳಿತು. “ನಾ... ನಾ ಏನ್ ಕಳಿಸಿದ್ದೆ ನಿಮಗ?”

ನೋಡಿದಿರಾ? ಮುಖದ ಮೇಲೇ ಅಳಿಸಿದ. ನನ್ನ ಕೈಯಲ್ಲಿ ಆಗ ಒಂದೇ ಒಂದು ಸಾಕ್ಷಿ ಇರಲಿಲ್ಲ. ಅವನು ಬರೆದದ್ದು ಜಗತ್ತಿನ ಯಾವ ಫೋನಿನಲ್ಲೂ ಇರಲಿಲ್ಲ. ಇದ್ದದ್ದು ನನ್ನ ತಲೆಯಲ್ಲಿ ಮಾತ್ರ, ಒಂದಕ್ಷರ ಬಿಡದೆ.

“ಹೌದು ಬಿಡ್ರಿ, ನೀವಲ್ಲ,” ಎಂದೆ ಬಹಳ ಮೆತ್ತಗೆ. “ಬ್ಯಾರೆ ಯಾರೋ ಇರಬೇಕು. ರೋಣದ ಬಸ್ಸಿಗೆ ನಾ ಬೈಯೂದನ್ನ ನೋಡಿ, ಬಸ್ಸಿನ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟಿದ್ನಂತ ಪುಣ್ಯಾತ್ಮ.”

“ರೋಣದ್ದಲ್ರಿ, ನರೇಗಲ್ ಬಸ್ಸು,” ಎಂದ.

ಅಂದವನೇ ಬಾಯಿ ಮುಚ್ಚಿದ. ಕಿವಿಯ ತುದಿಯಿಂದ ಕೆಂಪು ಶುರುವಾಗಿ ಕುತ್ತಿಗೆಗೆ ಇಳಿಯಿತು. ಸಿಕ್ಕಿಬಿದ್ದಿದ್ದ ನನ್ನ ಮಗ! ನಾನು ಕಣ್ಣು ಮಿಟುಕಿಸದೆ ಅವನನ್ನೇ ನೋಡಿದೆ. ಅವನೂ ನೋಡಿದ, ಮೊದಲ ಸಲ ಎಲ್ಲಿಗೂ ಹೊರಳದೆ ನೋಡಿದ. ಅವನ ಕಣ್ಣಲ್ಲಿ ನಾನಿದ್ದೆ, ಮೂಗಿನ ತುದಿ ಕೆಂಪಾಗಿದ್ದ ನಾನು.

“ಎಲ್ಲಾ ನೆನಪದಾವ?” ಎಂದು ಕೇಳಿದ.

“ನಿನಗ?”

ಸಿಟ್ಟಿನಲ್ಲಿ ‘ನೀ’ ಎಂದುಬಿಟ್ಟಿದ್ದೆ. ಅದು ಅವನಿಗೆ ಎಲ್ಲೋ ನಾಟಿತು. “ಒಂದೂ ಮರತಿಲ್ಲ,” ಎಂದ.

“ಹಂಗಾರ ನಾ ಮೊನ್ನೆ ಕೇಳಿದ್ದಕ್ಕ ಯಾಕ ಉತ್ತರ ಕೊಡಲಿಲ್ಲ?”

“ಏನ್ ಕೇಳಿದ್ರಿ?”

“ಮತ್ತ ನಾಟಕ!”

ಅವನು ತನ್ನ ಫೋನ್ ತೆಗೆದು ನನ್ನ ಮುಂದೆ ಹಿಡಿದ. ನಾನು ಅವತ್ತು ಬರೆದದ್ದರ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಮಾತ್ರ ಇತ್ತು. “ನಾ ಆ ಆ್ಯಪ್ ತಗದೀನ್ರಿ. ಗಿರಾಕಿ ಹೆಣ್ಣುಮಗಳೊಬ್ಬಾಕಿ ಫೋಟೋ ಎಲ್ಲೆಲ್ಲೋ ಹೋದ್ವು. ಅಳಕೋಂತ ಬಂದಿದ್ಲು. ಆಕಿ ಫೋನಿನ್ಯಾಗೂ ಇದ ಆ್ಯಪ್ ಇತ್ತು. ನನಗ ನಿಂತ ನೆಲ ಕುಸದಂಗಾತು. ಹಾಕಿಕೊಟ್ಟವರಿಗೆಲ್ಲ ತಗೀರಿ ಅಂತ ಹೇಳಿದೆ. ನಿಮಗ ಎಲ್ಲಾರಕಿಂತ ಮೊದ್ಲ ಹೇಳಿದೆ. ಅಳಿಸಿದ್ರ ಆಟ ಅಂತ ತಿಳೀತೀರಿ ಅಂತ ಅದನ್ನ ಅಳಿಸಲಿಲ್ಲ.”

ನನ್ನನ್ನು ಉಳಿಸಲು ಬರೆದ ಮಾತನ್ನು ನಾನು ನನ್ನನ್ನು ಬಿಡುವ ಮಾತು ಎಂದು ಓದಿದ್ದೆ.

“ಎರಡು ದಿವಸ ಆತು, ಈ ಸಾಲು ನೋಡ್ಕೊಂತ ಕುಂತೀನಿ. ಏನಿತ್ತ್ರಿ ಅದರಾಗ?” ಅವನ ದನಿ ಇಳಿದಿತ್ತು.

“ಅದು ಹೋತು. ಗುರುವಾರ ನರಗುಂದದವರು ನನ್ನ ನೋಡಾಕ ಬರ್ತಾರ. ನಮ್ಮಪ್ಪ ಹೂಂ ಅಂತಾನ. ನೀವು ಹೇಳೂದೇನರ ಇದ್ರ...”

“ಏನ ಗದ್ದಲ ಇದು?” ಎಂದು ಶಶಿಕಾಂತ ಸಾವಕಾರರು ಬಾಗಿಲಲ್ಲಿ ನಿಂತರು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಈಕಿ ಯಾಕ ಬಂದಾಳಿಲ್ಲಿ?”

ಕಳಕೇಶ ನನ್ನನ್ನು ನೋಡಿದ, ಮಾವನನ್ನು ನೋಡಿದ. “ಏನಿಲ್ಲ ಮಾವ,” ಅಂದ. “ಗಿರಾಕಿ.”

ಗಿರಾಕಿ!

ಫೋನ್ ಎತ್ತಿಕೊಂಡೆ. “ಹೌದ್ರಿ ಸಾವಕಾರ, ಗಿರಾಕಿ. ಸಾಮಾನು ಖೊಟ್ಟಿ ಐತಿ ಅಂತ ವಾಪಸ್ ಕೊಡಾಕ ಬಂದಿದ್ದೆ,” ಎಂದು ಹೇಳಿ ಇಳಿದು ಬಂದೆ. ಬಸ್‌ಸ್ಟ್ಯಾಂಡಿನ ಮಿರ್ಚಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ನಾನೂ ನಂಬಲಿಲ್ಲ.

ಗುರುವಾರ ಬಂತು. ಅಜ್ಜಿ ಬೆಳಿಗ್ಗೆಯಿಂದ ನನ್ನ ಬೆನ್ನು ಹತ್ತಿದ್ದಳು. “ಮಾರಿ ತೊಳಿಯೇ, ಹೆರಳ ಹಾಕ್ಕೋಳೇ, ಬರೂ ಹೊತ್ತಾತು.” ನಾನು ಮಗ್ಗ ಬಿಟ್ಟು ಏಳಲಿಲ್ಲ. “ಅವರು ಬರೂದರಾಗ ಒಂದು ಮೊಳ ನೇಯ್ತೀನಿ,” ಎಂದೆ. ಅಪ್ಪನೂ ಏಳಲಿಲ್ಲ, ನನ್ನನ್ನು ಒಮ್ಮೊಮ್ಮೆ ನೋಡುತ್ತ ನೇಯುತ್ತಿದ್ದ. ಎರಡೂ ಮಗ್ಗ ಖಟಖಟ ಹೊಡೆದುಕೊಳ್ಳುತ್ತಿದ್ದರೆ ನಮ್ಮ ಮನೆಯಲ್ಲಿ ಸಿಡಿಲು ಬಡಿದರೂ ಕೇಳುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಬಾಗಿಲಲ್ಲಿ ನೆರಳು ಬಿತ್ತು. ಕಳಕೇಶ ನಿಂತಿದ್ದ. ಬಿಳಿ ಅಂಗಿ, ಹೆಗಲಿಗೆ ಚೀಲ. ಹರಿದಿದ್ದ ಗುಂಡಿಯನ್ನು ಹಚ್ಚಿಕೊಂಡಿದ್ದ, ಅದೂ ಕರಿ ದಾರದಿಂದ, ಸೊಟ್ಟಗೆ. ತಾನೇ ಹಚ್ಚಿಕೊಂಡಿದ್ದಾನೆ ಎಂದು ನೋಡಿದರೇ ತಿಳಿಯುತ್ತಿತ್ತು. ಆದರೂ ಮಗ್ಗ ನಿಲ್ಲಿಸಲಿಲ್ಲ.

ಅವನು ಅಪ್ಪನಿಗೆ ಏನೋ ಹೇಳಿದ. ಅಪ್ಪ ಕಿವಿಗೆ ಕೈ ಹಚ್ಚಿ, “ಹಾಂ?” ಅಂದ. ಅವನು ಇನ್ನೊಮ್ಮೆ ಹೇಳಿದ. ಅಪ್ಪ ತಲೆ ಅಲ್ಲಾಡಿಸಿದ. ಅಜ್ಜಿ ನಡುವೆ ಬಾಯಿ ಹಾಕಿ, “ನಮ್ಮ ಮೊಬೈಲ್ ಚಲೋ ಅದಾವಪಾ, ರಿಪೇರಿ ಇಲ್ಲ, ಹೋಗು,” ಎಂದು ಕೂಗಿದಳು.

ಕಳಕೇಶ ನನ್ನ ಕಡೆ ನೋಡಿದ, ನಿಲ್ಲಿಸು ಎನ್ನುವಂತೆ. ನಾನು ಇನ್ನೂ ಜೋರಾಗಿ ಹೊಡೆದೆ. ಸಿಟ್ಟಿನ ಮಗ್ಗ ಎಂದು ಬರೆದವನು ನೀನೇ ಅಲ್ಲವೇ? ಕೇಳು. ಪಿಸುಮಾತು ಸಾಕಾಗಿದೆ ನನಗೆ. ಅಳಿಸಿದ ಮಾತೂ ಸಾಕಾಗಿದೆ. ಹೇಳುವುದಿದ್ದರೆ ಈ ಸಪ್ಪಳ ಹರಿದು ಹೋಗುವಂತೆ ಹೇಳು.

ಅವನಿಗೆ ಅರ್ಥವಾಯಿತು. ಚೀಲ ಕೆಳಗಿಟ್ಟ, ಎದೆ ತುಂಬ ಉಸಿರು ತೆಗೆದುಕೊಂಡ. ಅದನ್ನು ಓರೆಗಣ್ಣಿನಲ್ಲಿ ನೋಡಿ ನಾನು ಲಾಳಿಯನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. ನನ್ನ ಮಗ್ಗ ನಿಂತದ್ದು ಕಂಡು ಅಪ್ಪನೂ ನಿಲ್ಲಿಸಿದ.

“ನಿಮ್ಮ ಮಗಳನ್ನ ನನಗ ಕೊಡ್ರಿ! ಆಕಿ ಅಂದ್ರ ನನಗ ಜೀವ! ನಾ ಆಕಿನ್ನ ಮದಿವಿ ಆಗ್ತೀನಿ!”

ಮನೆಯಲ್ಲಿ ಸಪ್ಪಳವೇ ಇರಲಿಲ್ಲ. ಅವನ ಕೂಗು ಮನೆ ದಾಟಿ, ಕಟ್ಟೆ ದಾಟಿ, ಓಣಿಯ ತುದಿಯವರೆಗೆ ಹೋಯಿತು. ಪಕ್ಕದ ಮನೆಯ ಮಗ್ಗ ನಿಂತಿತು. ಎದುರು ಮನೆಯದೂ ನಿಂತಿತು. ಕಿಟಕಿಗಳಲ್ಲಿ ತಲೆಗಳು ಕಂಡವು.

ಕಳಕೇಶನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ಏನನ್ನೋ ಒತ್ತಲು ಹುಡುಕಿತು.

“ಈಗ ಅಳಸ್ರಿ ನೋಡೂಣು!” ಎಂದೆ ನಾನು.

ಅವನು ನನ್ನನ್ನೇ ನೋಡಿದ. “ಅಳಸಂಗಿಲ್ಲ,” ಎಂದ. “ಮತ್ತೊಮ್ಮೆ ಬೇಕಾದ್ರ ಹೇಳ್ತೀನಿ.”

“ಬ್ಯಾಡೋ ನಮ್ಮಪ್ಪಾ!” ಎಂದಳು ಅಜ್ಜಿ. “ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನಿಂದು ಓಣಿ ತುಂಬ ಹೋತು.”

ಅಪ್ಪ ನಿಧಾನವಾಗಿ ಮಗ್ಗದ ತಗ್ಗಿನಿಂದ ಮೇಲೆ ಬಂದ. ಅವನ ಮುಖ ಬಿಗಿದಿತ್ತು. “ನೀ ಸಾವಕಾರರ ಅಳಿಯ ಅಲ್ಲೇನು? ಅವರು ನಮ್ಮ ಹೊಟ್ಟಿ ಮ್ಯಾಲೆ ಹೊಡದವರು. ಅವರಿಗೆ ಗೊತ್ತೈತೇನು ಇದು?”

“ಅವರಿಗೆ ಹೇಳೇ ಬಂದೀನ್ರಿ. ಅವತ್ತ ಅಂಗಡಿಗೆ ಬಂದಾಕಿ ಗಿರಾಕಿ ಅಲ್ಲ, ನನ್ನ ಮನಸಿನ್ಯಾಗ ಇರಾಕಿ ಅಂದೆ. ಆರ್ಡರ್ ಅಳಿಸಿದ್ದು ಕಾಣೂವಂಗ ಮಾಡಿದವನೂ ನಾನ ಅಂದೆ.” ಅವನು ಚೀಲ ತೋರಿಸಿದ. “ಅಂಗಡಿ ಕೀಲಿಕೈ ಕಸಗೊಂಡ್ರು. ಇದರಾಗ ನನ್ನ ರಿಪೇರಿ ಸಾಮಾನು ಅದಾವ. ನಾಳಿಂದ ಬಸ್‌ಸ್ಟ್ಯಾಂಡಿನ ಹೊರಗ ಕೈಗಾಡಿ ಮ್ಯಾಲೆ ಕೆಲಸ ಮಾಡ್ತೀನಿ. ಆಕಿನ್ನ ಉಪವಾಸ ಇಡಂಗಿಲ್ರಿ.”

“ಆಕಿನ್ನ ಉಪವಾಸ ಇಡೂ ಗಂಡಸು ಇನ್ನೂ ಹುಟ್ಟಿಲ್ಲ ಬಿಡು,” ಎಂದಳು ಅಜ್ಜಿ.

ಅಪ್ಪ ನನ್ನ ಕಡೆ ತಿರುಗಿದ. “ಏನವಾ? ಅವತ್ತ ಕೇಳಿದಾಗ ಗುರುವಾರದ ತನಕ ತಡಿ ಅಂದಿದ್ದಿ.”

“ಈಗ ಹೇಳ್ತೀನಪಾ. ಇವನ. ಇವನ ಮ್ಯಾಲೆ ನನಗ ಭಾಳ ಸಿಟ್ಟೈತಿ, ಅಷ್ಟ ಜೀವಾನೂ ಐತಿ. ಎರಡೂ ಕಡಿಮಿ ಆಗೂವಲ್ಲ.”

ಅಪ್ಪ ಗೂಟಕ್ಕೆ ಹಾಕಿದ್ದ ಅಂಗಿಯಿಂದ ಫೋನ್ ತೆಗೆದುಕೊಂಡು ಕಟ್ಟೆಗೆ ಹೋದ. ನರಗುಂದದವರು ಇನ್ನೂ ರೋಣಕ್ಕೂ ಬಂದಿರಲಿಲ್ಲ. “ತಪ್ಪಾತ್ರಿ, ನಮ್ಮದ ತಪ್ಪು, ಸಿಟ್ಟಾಗಬ್ಯಾಡ್ರಿ” ಎಂದು ಅಪ್ಪ ಹೇಳುತ್ತಲೇ ಇದ್ದ. ನನ್ನ ಸಲುವಾಗಿ ಚೆನ್ನಾಗಿ ಬೈಸಿಕೊಂಡು ಒಳಗೆ ಬಂದ. “ಛಾ ಮಾಡವಾ,” ಎಂದು ಅಜ್ಜಿಗೆ ಹೇಳಿದ.

ಕಳಕೇಶ ನನ್ನ ಮಗ್ಗದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ನಾನು ತಗ್ಗಿನಲ್ಲಿದ್ದೆ, ಅವನು ನೆಲದ ಮೇಲೆ. ಇಬ್ಬರ ಮುಖವೂ ಒಂದೇ ಮಟ್ಟಕ್ಕೆ ಬಂತು. ಜೇಬಿನಿಂದ ಹೊಸ ಸಿಮ್ ತೆಗೆದು ನೂಲಿನ ಪಕ್ಕ ಇಟ್ಟ. “ಇದಕ್ಕ ಖರೇ ವಾಟ್ಸಾಪ್ ಹಾಕ್ತೀನ್ರಿ. ಅಳಿಸಿದ್ದು ಇದರಾಗ ಕಾಣಂಗಿಲ್ಲ.”

“ಅಳಿಸಿ ನೋಡ್ರಿ, ಕೈ ಮುರೀತೀನಿ.”

ಅವನು ನಕ್ಕ. ಆ ಉದ್ದ ರೆಪ್ಪೆಗಳು ಕೆಳಗಿಳಿದು ಮತ್ತೆ ಮೇಲಕ್ಕೆದ್ದವು. ನಾನು ಕೈ ಚಾಚಿ ಅವನ ಅಂಗಿಯ ಸೊಟ್ಟ ಗುಂಡಿಯನ್ನು ಮುಟ್ಟಿದೆ. “ಇದನ್ನ ಬಿಚ್ಚಿ ಮತ್ತ ಹಚ್ಚಬೇಕು. ಅಸಹ್ಯ ಐತಿ,” ಎಂದೆ. ಬೆರಳನ್ನು ಲಗೂನೆ ತೆಗೆಯಲಿಲ್ಲ.

“ಒಂದು ಕೇಳ್ಲೇನ್ರಿ?” ಎಂದ ಬಹಳ ಮೆಲ್ಲಗೆ. “ಅವತ್ತ ನೀವು ಕಳಿಸಿ ಅಳಿಸಿದ್ರೆಲ್ಲಾ. ಏನಿತ್ತು ಅದರಾಗ?”

ಹೇಳಬೇಕೆಂದು ತುಟಿಯವರೆಗೆ ಬಂತು. ಆಗ ‘ಗಿರಾಕಿ’ ಎಂದದ್ದು ನೆನಪಾಯಿತು.

“ಅದನ್ನೊಂದು ಮಾತ್ರ ಹೇಳಂಗಿಲ್ಲ,” ಎಂದೆ. “ಸಾಯೂತನಕ ನನ್ನ ಎದುರಿಗೆ ಕುಂತು ತಲಿ ಕೆಡಿಸ್ಕೋರಿ.”

ಅವನು ಇನ್ನೊಮ್ಮೆ ಕೇಳಲು ಬಾಯಿ ತೆರೆದ. ನಾನು ಮಗ್ಗ ಶುರು ಮಾಡಿದೆ.